ಮನೆಯ ಬೇಡದ ಸಾಮಾನು: ಯಾವುದನ್ನು ಮಾರಬೇಕು, ಯಾವುದನ್ನು ಕೊಡಬೇಕು, ಯಾವುದನ್ನು ಗುಜರಿಗೆ ಹಾಕಬಾರದು?

ಅಟ್ಟದ ಮೇಲೆ ಬೀಗ ಕೆಟ್ಟ ಸೂಟ್‌ಕೇಸ್, ದೀವಾನದೊಳಗೆ ವರ್ಷಗಳಿಂದ ಬಿಚ್ಚದ ಕಂಬಳಿ, ಬಾಲ್ಕನಿಯಲ್ಲಿ ಮಗ ಓಡಿಸಿ ಬಿಟ್ಟ ಸೈಕಲ್, ಮೇಜಿನ ಡ್ರಾಯರ್‌ನಲ್ಲಿ ಮೂರು ಹಳೆಯ ಮೊಬೈಲ್. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಸಣ್ಣ ಫ್ಲ್ಯಾಟ್‌ಗಳಲ್ಲಿ ವಾಸಿಸುವ ಬಹುತೇಕ ಕುಟುಂಬಗಳಿಗೆ ಈ ಪಟ್ಟಿ ಪರಿಚಿತ. ದಸರೆಗೋ ಯುಗಾದಿಗೋ ಇವೆಲ್ಲ ಹೊರಗೆ ಬರುತ್ತವೆ, ಧೂಳು ಒರೆಸಿಸಿಕೊಂಡು ಮತ್ತೆ ಒಳಗೆ ಸೇರುತ್ತವೆ.

ಎಸೆಯಲು ಮನಸ್ಸಿಲ್ಲ, ಯಾರಿಗೆ ಕೊಡಬೇಕೆಂದು ಗೊತ್ತಿಲ್ಲ, ಮಾರಲು ಸಮಯವಿಲ್ಲ. ಈ ಮೂರು ಕಾರಣಗಳ ನಡುವೆ ವಸ್ತು ಸುಮ್ಮನೆ ಹಳತಾಗುತ್ತದೆ. ಇಂದು ಓಡುವ ಲ್ಯಾಪ್‌ಟಾಪ್ ಇನ್ನೆರಡು ವರ್ಷಕ್ಕೆ ಇ-ತ್ಯಾಜ್ಯ. ಇಂದು ಇನ್ನೊಬ್ಬರು ತೊಡಬಹುದಾದ ಸ್ವೆಟರ್ ನಾಳೆ ನುಸಿ ತಿಂದ ಬಟ್ಟೆ. ಮಾರುವ ಅವಕಾಶ ಮೊದಲು ಕೈತಪ್ಪುತ್ತದೆ, ಆಮೇಲೆ ದಾನದ್ದು, ಕೊನೆಗೆ ಗುಜರಿಯೊಂದೇ ಉಳಿಯುತ್ತದೆ. ಹಾಗೆಂದು ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಗುಜರಿಯವನ ಗಾಡಿಗೆ ಹಾಕಿದರೆ ನಷ್ಟ ಇನ್ನೂ ದೊಡ್ಡದಾಗಬಹುದು. ಆದ್ದರಿಂದ ಪ್ರತಿ ವಸ್ತುವಿಗೂ ಅದರದೇ ದಾರಿಯನ್ನು ಸಮಯವಿರುವಾಗಲೇ ಗುರುತಿಸುವುದು ಮುಖ್ಯ.

ಎಲ್ಲಿಂದ ಶುರು ಮಾಡಬೇಕು?

ಇಡೀ ಮನೆಯನ್ನು ಒಂದೇ ಭಾನುವಾರ ಮುಗಿಸುತ್ತೇನೆಂದು ಹೊರಟವರು ಸಂಜೆಯ ಹೊತ್ತಿಗೆ ಸುಸ್ತಾಗಿ ಎಲ್ಲವನ್ನೂ ಮತ್ತೆ ತುರುಕಿಡುವುದೇ ಹೆಚ್ಚು. ಒಂದು ದಿನಕ್ಕೆ ಒಂದು ಕಪಾಟು ಅಥವಾ ಒಂದು ಪೆಟ್ಟಿಗೆ ಸಾಕು. ಹೊರತೆಗೆದದ್ದನ್ನು ಇಟ್ಟುಕೊಳ್ಳುವುದು, ಮಾರುವುದು, ಕೊಡುವುದು, ಗುಜರಿ ಎಂದು ನಾಲ್ಕು ಗುಂಪು ಮಾಡಿ. ತೀರ್ಮಾನ ಆಗದ ವಸ್ತುಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಮೇಲೆ ಅಂದಿನ ತಾರೀಖು ಬರೆದಿಡಿ. ಆರು ತಿಂಗಳಲ್ಲಿ ಆ ಪೆಟ್ಟಿಗೆ ತೆರೆಯುವ ಅಗತ್ಯವೇ ಬರದಿದ್ದರೆ ಉತ್ತರ ಸಿಕ್ಕಂತೆಯೇ.

ಮನೆ ಅಚ್ಚುಕಟ್ಟಾಗಿಸುವ ವಿಧಾನದಿಂದ ಜಗತ್ತಿನಾದ್ಯಂತ ಹೆಸರಾದ ಜಪಾನಿನ ಮಾರಿ ಕೊಂಡೊ ಹೇಳುವ ಕ್ರಮ ಹೀಗಿದೆ: ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಇತರ ಸಾಮಾನು, ಕೊನೆಗೆ ನೆನಪಿನ ವಸ್ತುಗಳು. ಇದರಲ್ಲಿ ವ್ಯವಹಾರಜ್ಞಾನವಿದೆ. ಹಳೆಯ ಫೋಟೋ ಆಲ್ಬಮ್‌ನಿಂದ ಕೆಲಸ ಶುರು ಮಾಡಿದರೆ ಆ ದಿನ ಬೇರೇನೂ ಆಗುವುದಿಲ್ಲ.

ಇನ್ನೊಂದು ಎಚ್ಚರ: ಮೊದಲು ನಿಮ್ಮದೇ ವಸ್ತುಗಳಿಂದ ಆರಂಭಿಸಿ. ಅತ್ತೆಯ ಹಿತ್ತಾಳೆ ಹಂಡೆ, ಮಗಳ ಗೊಂಬೆ, ಗಂಡನ ಕ್ಯಾಸೆಟ್‌ಗಳನ್ನು ಅವರಿಗೆ ಹೇಳದೆ ಸಾಗಿಸಿದರೆ ಜಾಗ ಖಾಲಿಯಾಗಬಹುದು, ಮನಸ್ತಾಪ ಉಳಿಯುತ್ತದೆ.

ರದ್ದಿಗೆ ಹಾಕುವ ಮುನ್ನ ಕಾಗದ ನೋಡಿ

ಹಳೆಯ ಟ್ರಂಕ್‌ನಲ್ಲಿರುವ ಕಾಗದದ ಕಟ್ಟನ್ನು ತೂಕಕ್ಕೆ ಹಾಕುವ ಮೊದಲು ಒಂದೊಂದಾಗಿ ತಿರುವಿ ನೋಡಬೇಕು. ಮನೆ, ಜಮೀನಿನ ನೋಂದಣಿ ಪತ್ರ, ಹಕ್ಕು ಬದಲಾವಣೆಯ ದಾಖಲೆ, ಸೇವಾ ದಾಖಲೆ, ಪಿಂಚಣಿ ಆದೇಶ ಇವನ್ನು ಎಂದೂ ಎಸೆಯುವಂತಿಲ್ಲ. ತೀರಿಹೋದ ಹಿರಿಯರ ಹೆಸರಿನ ಪಾಸ್‌ಬುಕ್, ವಿಮಾ ಪಾಲಿಸಿ, ಷೇರು ಪ್ರಮಾಣಪತ್ರ ಸಿಕ್ಕರೆ ಅದು ಹಣವೂ ಆಗಿರಬಹುದು.

10 ವರ್ಷ ವಹಿವಾಟು ನಡೆಯದ ಬ್ಯಾಂಕ್ ಖಾತೆಯ ಹಣ ರಿಸರ್ವ್ ಬ್ಯಾಂಕ್ ನಿರ್ವಹಿಸುವ ಠೇವಣಿದಾರರ ನಿಧಿಗೆ ಹೋಗುತ್ತದೆ. ಆದರೂ ವಾರಸುದಾರರು ಬ್ಯಾಂಕ್ ಮೂಲಕ ಅದನ್ನು ಕೇಳಿ ಪಡೆಯಬಹುದು. ಇಂಥ ಠೇವಣಿಗಳನ್ನು ಹುಡುಕಲೆಂದೇ ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಪೋರ್ಟಲ್ ಆರಂಭಿಸಿದೆ. ಸತತ 7 ವರ್ಷ ಡಿವಿಡೆಂಡ್ ಪಡೆಯದ ಷೇರುಗಳು ಕೇಂದ್ರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ವರ್ಗವಾಗುತ್ತವೆ. ಅವನ್ನೂ ಅರ್ಜಿ ಹಾಕಿ ಮರಳಿ ಪಡೆಯುವ ವ್ಯವಸ್ಥೆಯಿದೆ.

ನಿಜಕ್ಕೂ ಬೇಡವಾದ ಬ್ಯಾಂಕ್ ವಿವರಪಟ್ಟಿ, ಆಧಾರ್ ಮತ್ತು ಪ್ಯಾನ್ ನಕಲುಗಳನ್ನು ಹಾಗೆಯೇ ರದ್ದಿಗೆ ಹಾಕಬೇಡಿ. ಸಂಖ್ಯೆ, ಸಹಿ, ಫೋಟೋ ಇರುವ ಭಾಗವನ್ನು ಚೂರು ಮಾಡಿ ಹಾಕಿ.

ಮಾರುವುದಾದರೆ ಬೇಗ, ಪೂರ್ತಿಯಾಗಿ

ಬಳಸಿದ ವಸ್ತುಗಳಲ್ಲಿ ಬೇಗ ಬಿಕರಿಯಾಗುವುದು ಮರದ ಪೀಠೋಪಕರಣ, ಫ್ರಿಜ್, ವಾಷಿಂಗ್ ಮಷಿನ್, ಮಕ್ಕಳ ಸೈಕಲ್, ತಳ್ಳುಗಾಡಿ, ವ್ಯಾಯಾಮದ ಸಲಕರಣೆ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಂಥ ತಾಣಗಳಿಗಿಂತ ಮೊದಲು ನಿಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ ನೋಡುವುದು ಒಳ್ಳೆಯದು. ಸಾಗಣೆ ಖರ್ಚು ಇಲ್ಲ, ಕೊಳ್ಳುವವರು ಕಣ್ಣೆದುರಿನವರು.

ಹಗಲು ಬೆಳಕಿನಲ್ಲಿ ತೆಗೆದ ನಾಲ್ಕು ಫೋಟೋ, ಅಳತೆ, ಕೊಂಡ ವರ್ಷ, ಬಿಲ್ ಇದೆಯೇ ಎಂಬ ವಿವರ ಕೊಡಿ. ಗೀರು, ಬಿರುಕು ಇದ್ದರೆ ಅದರದೂ ಒಂದು ಫೋಟೋ ಹಾಕಿ. ಚಾರ್ಜರ್, ರಿಮೋಟ್, ಮಿಕ್ಸರ್ ಜಾರ್, ಮಂಚದ ಬೋಲ್ಟ್ ಇವು ಜೊತೆಗಿದ್ದರೆ ಮಾತ್ರ ಬೆಲೆ. ಎಷ್ಟು ಹೇಳಬೇಕೆಂದು ಗೊಂದಲವಿದ್ದರೆ ಅದೇ ಮಾದರಿಯ ಹೊಸದಕ್ಕೆ ಇವತ್ತು ಎಷ್ಟಿದೆ ಎಂದು ನೋಡಿ. ನೀವು ಅಂದು ಕೊಟ್ಟ ಹಣ ಕೊಳ್ಳುವವರ ಲೆಕ್ಕಕ್ಕೆ ಬರುವುದಿಲ್ಲ.

ಹಿತ್ತಾಳೆ, ತಾಮ್ರ, ಕಬ್ಬಿಣ, ಪೇಪರ್‌ಗೆ ಗುಜರಿಯೇ ಸರಿ. ಮುಂಬೈ, ಪುಣೆಯಲ್ಲಿ ಭಂಗಾರ್‌ವಾಲಾ, ದೆಹಲಿಯಲ್ಲಿ ಕಬಾಡಿವಾಲಾ, ಚೆನ್ನೈಯಲ್ಲಿ ಕಾಯಲಾನ್ ಕಡೈ, ಹೈದರಾಬಾದಿನ ಬೀದಿಯಲ್ಲಿ ‘ಪಾತ ಇನುಪ ಸಾಮಾನ್ಲು’ ಎಂಬ ಕೂಗು. ಹೆಸರು ಬೇರೆ, ವ್ಯಾಪಾರ ಒಂದೇ. ಲೋಹಗಳನ್ನು ಬೇರೆ ಬೇರೆಯಾಗಿ ತೂಗಿಸಿ. ಮನೆಯಲ್ಲೇ ಒಮ್ಮೆ ತೂಕ ನೋಡಿಟ್ಟುಕೊಂಡರೆ ಚರ್ಚೆಯೇ ಬರುವುದಿಲ್ಲ.

ಹಣ ಬರಲು ಪಿನ್ ಬೇಕಿಲ್ಲ

ಹಳೆಯ ಸೋಫಾ ಮಾರಲು ಹೋಗಿ ಖಾತೆಯಲ್ಲಿದ್ದ ಹಣ ಕಳೆದುಕೊಂಡ ಪ್ರಕರಣಗಳು ಎಲ್ಲ ಮಹಾನಗರಗಳಲ್ಲೂ ಇವೆ. ವಂಚನೆಯ ರೀತಿ ಬಹುತೇಕ ಒಂದೇ. ಜಾಹೀರಾತು ಹಾಕಿದ ಕೆಲವೇ ನಿಮಿಷಗಳಲ್ಲಿ ಕರೆ ಬರುತ್ತದೆ. ಚೌಕಾಸಿಯೇ ಇಲ್ಲದೆ ಒಪ್ಪಿಗೆ. ತಾನು ಸೇನೆಯಲ್ಲಿದ್ದೇನೆ, ಬರಲಾಗದು, ಮುಂಗಡ ಕಳಿಸುತ್ತೇನೆ ಎಂಬ ಮಾತು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಬರುತ್ತದೆ ಎಂಬ ಸೂಚನೆ.

ನೆನಪಿಡಬೇಕಾದ ನಿಯಮ ಒಂದೇ. ಯುಪಿಐನಲ್ಲಿ ಪಿನ್ ಹಾಕುವುದು ಹಣ ಕಳಿಸಲು ಅಥವಾ ಶಿಲ್ಕು ನೋಡಲು. ಹಣ ಪಡೆಯಲು ಪಿನ್ ಬೇಕಿಲ್ಲ. ಪಾವತಿಯ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ಹಣ ಕಂಡ ಮೇಲಷ್ಟೇ ವಸ್ತು ಕೊಡಿ. ಮೋಸವಾದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹಳೆಯ ನಾಣ್ಯ, ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತುಗಳೂ ಇದೇ ಜಾತಿಯವು. ತನ್ನ ಹೆಸರು ಬಳಸಿ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ.

ಸ್ಕೂಟರ್, ಕಾರು: ಕೀಲಿ ಕೊಟ್ಟರೆ ಮುಗಿಯಲಿಲ್ಲ

ಕೆಳಗೆ ಪಾರ್ಕಿಂಗ್‌ನಲ್ಲಿ ನಿಂತಿರುವ ಹಳೆಯ ಸ್ಕೂಟರನ್ನು ಪರಿಚಯದವರಿಗೆ ಕೊಟ್ಟು ಸುಮ್ಮನಾಗುವವರಿದ್ದಾರೆ. ಆದರೆ ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. ಹಲವು ಕೈ ಬದಲಾಗಿದ್ದ ಕಾರೊಂದು ಮಾಡಿದ ಅಪಘಾತದ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರು ಉಳಿದಿದ್ದ ಮೊದಲ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿತು.

ಫಾರಂ 29 ಮತ್ತು 30 ತುಂಬಿ ವರ್ಗಾವಣೆ ಮಾಡಿಸಬೇಕು. ಅದೇ ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸುವುದು ಮಾರುವವರ ಹೊಣೆ. ಕೆಎ ನೋಂದಣಿಯ ವಾಹನವನ್ನು ಮುಂಬೈ ಅಥವಾ ಹೈದರಾಬಾದಿನಲ್ಲಿ ಮಾರುವುದಾದರೆ ಮೂಲ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕೆ ಫಾರಂ 28. ಓಡದ ವಾಹನವನ್ನು ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಟ್ಟು ಪ್ರಮಾಣಪತ್ರ ಪಡೆಯಿರಿ, ನೋಂದಣಿ ರದ್ದಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಮೊಬೈಲ್ ಕೊಡುವ ಮೊದಲು ಖಾಲಿ ಮಾಡಿ

ಫೋಟೋ, ಬ್ಯಾಂಕ್ ಆ್ಯಪ್, ಆಧಾರ್ ಚಿತ್ರ ಎಲ್ಲವೂ ಮೊಬೈಲ್‌ನಲ್ಲೇ. ಬೇಕಾದದ್ದನ್ನು ನಕಲು ಮಾಡಿಟ್ಟುಕೊಂಡು, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಆ್ಯಂಡ್ರಾಯ್ಡ್ ಆದರೆ ಗೂಗಲ್ ಖಾತೆಯಿಂದ, ಐಫೋನ್ ಆದರೆ ಆ್ಯಪಲ್ ಖಾತೆಯಿಂದ ಹೊರಬಂದು, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಮುಂದಿನವರು ಫೋನ್ ಆನ್ ಮಾಡಿದಾಗ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟ ಫೋನ್ ಅವರ ಉಪಯೋಗಕ್ಕೆ ಬರುವುದಿಲ್ಲ.

ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಲ್ಲಿ ಡಿಲೀಟ್ ಒತ್ತಿದ ಮಾತ್ರಕ್ಕೆ ಮಾಹಿತಿ ಅಳಿಯುವುದಿಲ್ಲ. ಪೂರ್ತಿ ಅಳಿಸುವ ತಂತ್ರಾಂಶ ಬಳಸಿ, ಅಥವಾ ಡಿಸ್ಕ್ ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಡಿ.

ಹಳೆ ಬಟ್ಟೆ ಎಲ್ಲಿಗೆ ಹೋಗುತ್ತದೆ?

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಮುಂಬೈಯಲ್ಲಿ ಭಾಂಡೀವಾಲಿ, ದೆಹಲಿಯಲ್ಲಿ ಬರ್ತನ್‌ವಾಲಿ. ಇವರಲ್ಲಿ ಹಲವರು ಗುಜರಾತ್ ಮೂಲದ ವಾಘರಿ ಸಮುದಾಯದವರು. ದೆಹಲಿಯ ರಘುಬೀರ್ ನಗರದಲ್ಲಿ ಇಂಥ ಬಟ್ಟೆಗಳದೇ ಒಂದು ಮಾರುಕಟ್ಟೆ ಬೆಳಗಾಗುವ ಮೊದಲೇ ನಡೆಯುತ್ತದೆ. ಅಲ್ಲಿ ಬಟ್ಟೆ ವಿಂಗಡಣೆಯಾಗಿ, ಒಗೆದು, ಹೊಲಿಗೆ ಹಾಕಿಸಿಕೊಂಡು ಮತ್ತೆ ಯಾರದೋ ಮೈ ಸೇರುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ ಹಳೆಯ ಉಣ್ಣೆ ಬಟ್ಟೆಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ, ಸೀಳಿ, ಮತ್ತೆ ನೂಲು ತೆಗೆದು ಕಂಬಳಿ ನೇಯುವ ದೊಡ್ಡ ಉದ್ಯಮವೇ ಇದೆ. ಪಾತ್ರೆಗೆ ಬಟ್ಟೆ ಹಾಕುವುದು ಸಣ್ಣತನವೆಂದು ಭಾವಿಸಬೇಕಿಲ್ಲ. ಬಹಳ ಮಂದಿಯ ಹೊಟ್ಟೆಪಾಡು ಅದರಲ್ಲಿದೆ.

ರೇಷ್ಮೆ ಸೀರೆಯ ವಿಷಯ ಬೇರೆ. ಹಳೆಯ ಮೈಸೂರು ರೇಷ್ಮೆ, ಕಾಂಚೀಪುರಂ ಸೀರೆಗಳ ಅಸಲಿ ಜರಿಯಲ್ಲಿ ಬೆಳ್ಳಿಯಿರುತ್ತದೆ. ಮೇಲೆ ಚಿನ್ನದ ಲೇಪ. ‘ಹಳೆ ಜರಿ ಸೀರೆ ಕೊಳ್ಳುತ್ತೇವೆ’ ಎಂದು ಬರುವವರು ಜರಿಯನ್ನು ಕರಗಿಸಿ ಬೆಳ್ಳಿ ತೆಗೆಯುತ್ತಾರೆ. ಜರಿ ಪರೀಕ್ಷೆ ಮಾಡಿಸಿ, ಎರಡು ಕಡೆ ದರ ಕೇಳಿ ಕೊಡಿ. ಮಡಿಕೆಯಲ್ಲಿ ಹರಿದ ಸೀರೆಯ ಸೆರಗು, ಅಂಚು ಚೆನ್ನಾಗಿದ್ದರೆ ಮೊಮ್ಮಗಳಿಗೆ ಲಂಗ ಹೊಲಿಸುವ ಹಳೆಯ ರೂಢಿಯೂ ಇದ್ದೇ ಇದೆ.

ದಾನ ಮಾಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ

2004ರ ಸುನಾಮಿಯ ನಂತರ ದೇಶದೆಲ್ಲೆಡೆಯಿಂದ ತಮಿಳುನಾಡಿನ ಕರಾವಳಿಗೆ ಬಟ್ಟೆಗಳ ಪ್ರವಾಹವೇ ಹರಿಯಿತು. ಹರಿದದ್ದು, ಕೊಳೆಯಾದದ್ದು, ಅಲ್ಲಿನವರು ತೊಡದ ಬಗೆಯದ್ದು ರಸ್ತೆ ಬದಿಯಲ್ಲಿ ರಾಶಿ ಬಿದ್ದವು. ಮನೆ, ದೋಣಿ, ಮನೆಯವರನ್ನು ಕಳೆದುಕೊಂಡವರಿಗೂ ಯಾರೋ ಬಿಸಾಡಿದ ಹರಕು ಬೇಕಿರಲಿಲ್ಲ. ಕೊಡುವವರ ಮನೆ ಖಾಲಿಯಾದದ್ದೇ ಹೊರತು ಪಡೆಯುವವರ ಕಷ್ಟ ಕಡಿಮೆಯಾಗಲಿಲ್ಲ.

ಆ ರಾಶಿಯನ್ನು ವಿಂಗಡಿಸುವ ಕೆಲಸಕ್ಕೆ ಕೈಹಾಕಿದ ಸಂಸ್ಥೆಗಳಲ್ಲಿ ‘ಗೂಂಜ್’ ಒಂದು. ಅಂಶು ಗುಪ್ತಾ 1999ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಈ ಸಂಸ್ಥೆ ನಗರಗಳ ಹಳೆಯ ಬಟ್ಟೆ, ಸಾಮಾನನ್ನು ಹಳ್ಳಿಗಳಿಗೆ ತಲುಪಿಸುತ್ತದೆ. ಜನರು ತಮ್ಮೂರಿಗೆ ಬೇಕಾದ ಬಾವಿ, ರಸ್ತೆ, ಕಾಲುಸೇತುವೆಯ ಕೆಲಸ ತಾವೇ ಮಾಡಿ, ಅದರ ಪ್ರತಿಫಲವಾಗಿ ಬಟ್ಟೆಬರೆ ಪಡೆಯುತ್ತಾರೆ. ಹಳೆಯ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ತಯಾರಿಯೂ ನಡೆಯುತ್ತದೆ. ಗುಪ್ತಾ ಅವರಿಗೆ 2015ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿದೆ. ದೊಡ್ಡ ನಗರಗಳಲ್ಲಿ ಗೂಂಜ್ ಸಂಗ್ರಹ ಕೇಂದ್ರಗಳಿವೆ.

ಇದೇ ಬಟ್ಟೆಯನ್ನು ನಿಮ್ಮ ತಂಗಿಗೆ ಕೊಡುತ್ತಿದ್ದಿರಾ? ದಾನದ ಚೀಲಕ್ಕೆ ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ. ಒಗೆದು, ಒಣಗಿಸಿ, ಗುಂಡಿ ಹಾಕಿ ಕೊಡಿ. ಚಪ್ಪಲಿ ಜೋಡಿಯನ್ನು ಒಟ್ಟಿಗೆ ಕಟ್ಟಿ. ಗೊಂಬೆ, ಪಜಲ್‌ನ ತುಂಡುಗಳೆಲ್ಲ ಇವೆಯೇ ನೋಡಿ. ಬಳಸಿದ ಒಳ ಉಡುಪು, ಅವಧಿ ಮುಗಿದ ಆಹಾರ, ಔಷಧ ಬೇಡ. ಅನಾಥಾಶ್ರಮ, ವೃದ್ಧಾಶ್ರಮಗಳಿಗೆ ಹೋಗುವ ಮುನ್ನ ಕರೆ ಮಾಡಿ ಅಲ್ಲಿಗೆ ಏನು ಬೇಕೆಂದು ಕೇಳಿ. ಅವರಿಗೆ ಬೇಕಿರುವುದು ಬೆಡ್‌ಶೀಟ್ ಇರಬಹುದು, ನೀವು ಒಯ್ಯುತ್ತಿರುವುದು ಕೋಟು ಇರಬಹುದು.

ನಗರಸಭೆಗಳ ದಾರಿಯೂ ಇದೆ. 2023ರಲ್ಲಿ ಕೇಂದ್ರದ ‘ಮೇರಿ ಲೈಫ್, ಮೇರಾ ಸ್ವಚ್ಛ್ ಶಹರ್’ ಅಭಿಯಾನದಲ್ಲಿ ಹಳೆಯ ಬಟ್ಟೆ, ಪುಸ್ತಕ, ಆಟಿಕೆ ಪಡೆಯಲು ಆರ್‌ಆರ್‌ಆರ್ ಕೇಂದ್ರಗಳು ಆರಂಭವಾದವು. ನಿಮ್ಮ ವಾರ್ಡ್‌ನಲ್ಲಿ ಅಂಥದ್ದು ಈಗಲೂ ಇದೆಯೇ ಎಂದು ಕೇಳಿ ನೋಡಿ. ಒಂದು ಮಾತು ನೆನಪಿರಲಿ: ಆದಾಯ ತೆರಿಗೆಯ 80ಜಿ ರಿಯಾಯಿತಿ ಹಣದ ದಾನಕ್ಕೆ ಮಾತ್ರ, ವಸ್ತುಗಳಿಗೆ ಸಿಗುವುದಿಲ್ಲ.

ಕನ್ನಡ ಪುಸ್ತಕಗಳನ್ನು ತೂಕಕ್ಕೆ ಹಾಕಬೇಡಿ

ಇಂಗ್ಲಿಷ್ ಪಠ್ಯಪುಸ್ತಕ, ಕಾದಂಬರಿಗಳಿಗೆ ಮುಂಬೈಯ ಫೋರ್ಟ್ ಮತ್ತು ಮಾಟುಂಗಾದ ಕಿಂಗ್ಸ್ ಸರ್ಕಲ್, ಪುಣೆಯ ಅಪ್ಪಾ ಬಳವಂತ ಚೌಕ, ಹೈದರಾಬಾದಿನ ಕೋಠಿ, 2019ರಲ್ಲಿ ದರಿಯಾಗಂಜ್‌ನಿಂದ ಮಹಿಳಾ ಹಾಟ್‌ಗೆ ಬಂದ ದೆಹಲಿಯ ಭಾನುವಾರದ ಪುಸ್ತಕ ಸಂತೆಯಲ್ಲಿ ಗಿರಾಕಿ ಸಿಗಬಹುದು. ಕನ್ನಡ ಪುಸ್ತಕಕ್ಕೆ ಅಲ್ಲಿ ಸಿಗುವುದು ರದ್ದಿಯ ಬೆಲೆಯಷ್ಟೇ.

ಮುಂಬೈಯ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಪುಣೆಯ ಕನ್ನಡ ಸಂಘ, ದೆಹಲಿ ಕರ್ನಾಟಕ ಸಂಘ, ಹೈದರಾಬಾದಿನ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳನ್ನು ಮೊದಲು ವಿಚಾರಿಸಿ. ಲೇಖಕ, ಪ್ರಕಾಶಕ, ವರ್ಷದ ಪಟ್ಟಿ ಕಳಿಸಿದರೆ ಅವರಿಗೆ ಬೇಕಾದದ್ದನ್ನು ಆರಿಸಿಕೊಳ್ಳಲು ಅನುಕೂಲ. ಮಕ್ಕಳ ಪುಸ್ತಕಗಳಿದ್ದರೆ ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳನ್ನು ಕೇಳಬಹುದು. ಊರಿಗೆ ಹೋಗುವಾಗ ಒಯ್ಯಬಹುದಾದರೆ ಮಂಡ್ಯ ಜಿಲ್ಲೆಯ ಪಾಂಡವಪುರ ಸಮೀಪದ ಹರಳಹಳ್ಳಿಯಲ್ಲಿ ಅಂಕೇಗೌಡರು ಲಕ್ಷಾಂತರ ಪುಸ್ತಕ ಕೂಡಿಸಿರುವ ‘ಪುಸ್ತಕ ಮನೆ’ ಇದೆ.

ಊರ ಮನೆ ಖಾಲಿ ಮಾಡುವಾಗ

ನಗರದಲ್ಲಿ ನೆಲೆಸಿದ ಅನೇಕರ ಮುಂದೆ ಇನ್ನೊಂದು ಕೆಲಸವಿದೆ: ಊರಲ್ಲಿ ಮುಚ್ಚಿರುವ ಅಪ್ಪ-ಅಮ್ಮನ ಮನೆ. ಇಲ್ಲಿ ಅವಸರ ಬೇಡ. ಒರಳು, ಕಡಗೋಲು, ಕೆತ್ತನೆಯ ಬಾಗಿಲು, ಭತ್ತದ ಪತ್ತಾಯ ಇವನ್ನು ಸೌದೆಗೂ ಗುಜರಿಗೂ ಹಾಕಿದ ಕಾಲದಲ್ಲಿ, ಉಡುಪಿ ಸೀಮೆಯಲ್ಲಿ ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅಂಥವನ್ನೇ ಹುಡುಕಿ ತಂದು ಉಳಿಸಿದರು. ಕೆಡವಲಿದ್ದ ಮನೆಗಳನ್ನೇ ಬಿಚ್ಚಿ ತಂದು ಮರಳಿ ಕಟ್ಟಿದ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಅವರ ಶ್ರಮದ ಫಲ.

ತಾಳೆಗರಿ, ಕೈಬರಹದ ಕಡತ ಸಿಕ್ಕರೆ ಇನ್ನೂ ಎಚ್ಚರ ಬೇಕು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಗರಿಗಳ ಕಟ್ಟಿನಲ್ಲೇ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1891ರಲ್ಲಿ ಸ್ಥಾಪನೆಯಾದ ಆ ಗ್ರಂಥಾಲಯವೇ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಗರಿಗಳನ್ನು ಒರೆಸಲು, ಬಿಡಿಸಲು ಹೋಗದೆ ಇಂಥ ಸಂಸ್ಥೆಗೆ ತೋರಿಸಿ.

ಕಾನೂನೂ ಗೊತ್ತಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕೂ ಹಳೆಯ ವಿಗ್ರಹ, ಕಲಾಕೃತಿಗಳು ಮತ್ತು 75 ವರ್ಷಕ್ಕೂ ಹಳೆಯ ಮಹತ್ವದ ಹಸ್ತಪ್ರತಿಗಳು ಪ್ರಾಚ್ಯವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ತೀರಿಹೋದವರ ವಸ್ತುಗಳ ವಿಷಯದಲ್ಲಿ ಮನೆಯವರೆಲ್ಲ ಕೂತು ಮಾತಾಡುವುದು ಒಳಿತು. ಒಡಹುಟ್ಟಿದವರು ಒಬ್ಬೊಬ್ಬರೂ ಒಂದೊಂದು ವಸ್ತು ಆರಿಸಿಕೊಳ್ಳಲಿ. ಉಳಿದವುಗಳ ಫೋಟೋ ತೆಗೆದಿಡಬಹುದು. ವೀಲ್‌ಚೇರ್, ವಾಕರ್, ಆಸ್ಪತ್ರೆ ಮಂಚ, ಏರ್ ಬೆಡ್ ಇದ್ದರೆ ಅವನ್ನು ಮಾತ್ರ ಮೂಲೆಯಲ್ಲಿಡಬೇಡಿ. ಹತ್ತಿರದ ದತ್ತಿ ಆಸ್ಪತ್ರೆಗೋ ಸೊಸೈಟಿಗೋ ಕೊಟ್ಟರೆ ಅದೇ ವಾರ ಇನ್ನೊಂದು ಮನೆಗೆ ಬೇಕಾಗಬಹುದು.

ಕೊನೆಗೆ ಉಳಿದದ್ದು

ಕೆಟ್ಟ ಚಾರ್ಜರ್, ರಿಮೋಟ್, ಮೊಬೈಲ್, ಟಿವಿ ಇವು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇವುಗಳ ಮರುಬಳಕೆಯ ಹೊಣೆ ತಯಾರಕ ಕಂಪನಿಗಳ ಮೇಲಿದೆ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಸಂಗ್ರಹ ಕೇಂದ್ರ ಎಲ್ಲಿದೆ ಎಂದು ಕೇಳಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಚುಚ್ಚಬೇಡಿ. ಅದಕ್ಕೆ ಬೆಂಕಿ ಹೊತ್ತಿಕೊಳ್ಳಬಹುದು. ಟ್ಯೂಬ್‌ಲೈಟ್, ಪೇಂಟ್ ಡಬ್ಬ, ಸೂಜಿ, ಅವಧಿ ಮುಗಿದ ಮಾತ್ರೆಗಳನ್ನು ಬೇರೆಯಾಗಿ ಕಟ್ಟಿ, ಮನೆಯ ಅಪಾಯಕಾರಿ ಕಸವೆಂದು ಹೇಳಿ ಕೊಡಿ.

ಸುಡುವುದಂತೂ ಬೇಡ. ಚೆನ್ನೈ, ಹೈದರಾಬಾದಿನಲ್ಲಿ ಭೋಗಿಯ ಬೆಳಗ್ಗೆ ಹಳೆಯದನ್ನು ಬೆಂಕಿಗೆ ಹಾಕುವ ಸಂಪ್ರದಾಯವಿದೆ. ಒಣಗಿದ ಕಟ್ಟಿಗೆ, ಗರಿಯ ಜಾಗಕ್ಕೆ ಟೈರ್, ಪ್ಲಾಸ್ಟಿಕ್ ಬಂದ ಮೇಲೆ ಅದು ಹೊಗೆಯ ಹಬ್ಬವಾಯಿತು. ಇತ್ತೀಚಿನ ವರ್ಷಗಳಲ್ಲಿ ಚೆನ್ನೈ ಮಹಾನಗರ ಪಾಲಿಕೆ ಭೋಗಿಗೆ ಮುನ್ನ ಇಂಥ ವಸ್ತುಗಳನ್ನು ತಾನೇ ಸಂಗ್ರಹಿಸುತ್ತಿದೆ.

ಖಾಲಿಯಾದ ಜಾಗವನ್ನು ಹಾಗೆಯೇ ಉಳಿಸಿಕೊಳ್ಳಲು ಒಂದು ಸರಳ ಪದ್ಧತಿ ಸಾಕು: ಹೊಸದೊಂದು ಮನೆಗೆ ಬಂದ ದಿನವೇ ಅದರ ಹಳೆಯದು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು. ಹೊಸ ಕುಕ್ಕರ್ ಬಂದ ದಿನ ಹಳೆಯದಕ್ಕೂ ಗಿರಾಕಿಯಿರುತ್ತದೆ. ಹತ್ತು ವರ್ಷ ಅಟ್ಟದ ಮೇಲಿದ್ದು ಇಳಿದರೆ ಅದು ಬರೀ ಅಲ್ಯೂಮಿನಿಯಂ.